ಡಿವಿಡಿಯ ಮುಖಕ್ಕೆ ಕುಂಕುಮ

ಈ ಸಲದ ಆಯುಧಪೂಜೆಯಲ್ಲಿ ಚಿಕ್ಕಮ್ಮ ಅರಿಶಿನ ಕುಂಕುಮದ ಬಟ್ಟಲನ್ನೂ ನನ್ನ ಮದುವೆಯ ಡಿವಿಡಿಯನ್ನೂ ನನ್ನ ಮುಂದಿಟ್ಟರು. ಕುಂಕುಮದಲ್ಲಿ ಅದ್ದಿದ ಬೆರಳು ಅರ್ಧದಲ್ಲೇ ನಿಂತಿತು. ಯಾವ ಬದಿಗೆ ಇಡಬೇಕು? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ನಮ್ಮ ಚಿಕ್ಕಪ್ಪನನ್ನು ನೀವು ನೋಡಿಲ್ಲ, ಅದಕ್ಕೆ.

ಚಿಕ್ಕಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಓಡಿಸಿ, ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡವರು. ಆಯುಧಪೂಜೆ ಬಂತೆಂದರೆ ಆ ಮನೆಯಲ್ಲಿ ಯಾವ ವಸ್ತುವಿಗೂ ಬಿಡುಗಡೆಯಿರಲಿಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಕೊನೆಗೆ ಈ ಡಿವಿಡಿ. ಅದೂ ಹೊಳೆಯುವ ಬದಿಗೇ.

"ಆ ಕಡೆ ಇಟ್ರೆ ಓಡಲ್ಲ ಚಿಕ್ಕಪ್ಪ" ಎಂದರೆ, "ಕುಂಕುಮಾನ ಮುಖಕ್ಕೆ ಇಡ್ದೆ ಬೆನ್ನಿಗೆ ಇಡ್ತಾರೇನೋ?" ಎನ್ನುತ್ತಿದ್ದರು. ಹಾಕಿ ನೋಡಿದರೆ ಧಾರೆಯವರೆಗೆ ಚೆನ್ನಾಗಿ ಓಡಿ, ಊಟ ಬಂದಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ನಾವೂ ಅಲ್ಲಿಗೆ ಎದ್ದು ನಿಜವಾದ ಊಟಕ್ಕೆ ಹೋಗುತ್ತಿದ್ದೆವು.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡರು. ವರ್ಷಾಬ್ದಿಕ ಹತ್ತಿರ ಬಂದಾಗ ನೋಡಿದರೆ ಗೋಡೆಗೆ ಹಾಕಲು ಒಂದು ಫೋಟೋ ಇಲ್ಲ. ಇದ್ದದ್ದು ಕಾರ್ಖಾನೆಯ ಗುರುತಿನ ಚೀಟಿಯದು. ಅದರಲ್ಲಿ ಅವರು ಪೊಲೀಸರ ಕೈಗೆ ಸಿಕ್ಕಿಬಿದ್ದವರಂತೆ ಕಾಣುತ್ತಿದ್ದರು. ಚಿಕ್ಕಮ್ಮ ಡಿವಿಡಿಯನ್ನು ನನ್ನ ಕೈಗಿಟ್ಟು, "ಇದ್ರಲ್ಲಿ ನಗ್ತಾ ಇರೋದು ಒಂದಾದ್ರೂ ಹುಡುಕ್ಕೊಡೋ" ಎಂದರು. ಸ್ವಲ್ಪ ತಡೆದು, "ಶುಗರ್ ಅಂತ ನಿನ್ನ ಮದುವೆಗೆ ಮುಂಚೆಯಿಂದ್ಲೂ ಒಂದು ಚೂರು ಸಿಹಿ ಕೊಡ್ಲಿಲ್ಲ ಕಣೋ. ಬಾಯಿ ಕಟ್ಟಿಸಿಯೇ ಕಳಿಸ್ಬಿಟ್ಟೆ. ಅದೇ ಕೊರೀತಿರುತ್ತೆ" ಎಂದರು. ಸಿಹಿ ಮುಟ್ಟುವುದಿಲ್ಲವೆಂದು ಚಿಕ್ಕಪ್ಪನೂ ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ್ದರು. ಯಾರೂ ಕೇಳದಿದ್ದರೂ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಆ ಜಂಬದಲ್ಲೇ ಒಂದು ಭಾನುವಾರ ಡಿವಿಡಿಯನ್ನು ಲ್ಯಾಪ್‌ಟಾಪಿಗೆ ಇಳಿಸಲು ಕೂತೆ. ಹಳೆಯ ಟೀವಿಯ ಅಳತೆಯ ಚಿತ್ರವನ್ನು ಅಗಲದ ಪರದೆಗೆ ಎಳೆದಿದ್ದರಿಂದ ಮೊದಲ ಸಲ ಎಲ್ಲರೂ ಅಡ್ಡಡ್ಡಕ್ಕೆ ಊದಿಕೊಂಡಿದ್ದರು. ಅದನ್ನು ನೋಡಿದ ನನ್ನ ಹೆಂಡತಿ ಆ ದಿನವೆಲ್ಲ ಮಾತಾಡಲಿಲ್ಲ. ಅಳತೆ ಸರಿಮಾಡಿದರೆ, ಅಲುಗಾಡಿದವರ ಮೈಮೇಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆ. ಹಳೆಯ ಕ್ಯಾಮೆರಾದ ಗುಣವೇ ಅದಂತೆ. ಸುಮ್ಮನೆ ಕೂತ ಬೀಗರೆಲ್ಲ ಫಳಫಳ ಹೊಳೆಯುತ್ತಿದ್ದರು. ಮದುವೆಯ ಓಡಾಟವನ್ನೆಲ್ಲ ಹೊತ್ತಿದ್ದ ಚಿಕ್ಕಪ್ಪ ಮಾತ್ರ ಬರೀ ಬಾಚಣಿಗೆ. ಗೆರೆ ತೆಗೆಸಿದೆ, ಮಸುಕಾದರು. ಮಸುಕಿಗೊಂದು ಫಿಲ್ಟರ್ ಇತ್ತು. ಇನ್ನೂ ಇನ್ನೂ ಎನ್ನುತ್ತ ಅದನ್ನು ತುದಿಯವರೆಗೆ ಎಳೆದೆ. ಚಿಕ್ಕಪ್ಪ ಮೇಣದ ಗೊಂಬೆಯಾದರು. ಹೆಮ್ಮೆಯಿಂದ ಚಿಕ್ಕಮ್ಮನ ಫೋನಿಗೆ ಕಳಿಸಿದೆ.

"ಯಾರೋ ಇದು, ಹೆಣ್ಣಿನ ಕಡೆಯೋರಾ?" ಎಂದು ಕೇಳಿದರು.

ಉಳಿದಿದ್ದು ಊಟದ ಭಾಗ ಮಾತ್ರ. ಡಿವಿಡಿಯನ್ನು ಮಗುಚಿದೆ. ಒಣಗಿ ಕಪ್ಪಾದ ಕುಂಕುಮದಲ್ಲಿ ಚಿಕ್ಕಪ್ಪನ ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು. ಅಷ್ಟು ಹೊತ್ತು ನಾನು ಹುಡುಕುತ್ತಿದ್ದ ಸ್ಪಷ್ಟತೆ ಅಲ್ಲಿತ್ತು. ಒರೆಸಲು ಕೈ ಬರಲಿಲ್ಲ. ಚಿಕ್ಕಮ್ಮನನ್ನೇ ಕೇಳೋಣವೆಂದು ಲ್ಯಾಪ್‌ಟಾಪ್ ಸಮೇತ ಮಾದನಾಯಕನಹಳ್ಳಿಗೆ ಹೋದೆ.

"ಬೆರಳು ಇಟ್ಕೊಂಡು ಏನ್ಮಾಡ್ಲಿ? ನಂಗೆ ಮುಖ ಬೇಕು" ಎಂದು ಅವರು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಮಗುವಿನ ಮೂತಿ ಒರೆಸಿದಂತೆ ತಾವೇ ಒರೆಸಿಕೊಟ್ಟರು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮದುವೆಯ ಊಟ ಓಡಿತು. ಎಲೆಗಳ ಸಾಲು, ಬಡಿಸುವವರ ಬಕೆಟ್ಟು. ಸಾಲಿನ ಹಿಂದೆ, ಕಂಬದ ಮರೆಯಲ್ಲಿ, ಒಬ್ಬರು ಅಲುಗಾಡದೆ ನಿಂತಿದ್ದರು. ಮೈಮೇಲೆ ಒಂದು ಗೆರೆಯಿಲ್ಲ. ಬಾಯಲ್ಲೊಂದು ಜಾಂಗೀರು, ಕೈಯಲ್ಲೊಂದು. ಕಣ್ಣು ಅರ್ಧ ಮುಚ್ಚಿ ಮುಖವೆಲ್ಲ ನಗು. ಜೇಬಿನಲ್ಲೂ ಒಂದಿತ್ತೆಂದು ಕಾಣುತ್ತದೆ, ಬಿಳಿ ಅಂಗಿಯ ಮೇಲೆ ಪಾಕ ಇಳಿದಿತ್ತು.

ಚಿಕ್ಕಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. "ಕಳ್ಳ" ಎಂದರು ಆಮೇಲೆ. "ನನ್ನ ತಲೆ ಮುಟ್ಟಿದ್ದು ಇದೇ ಕೈಯಲ್ಲಿ." ನಗಲು ಹೋಗಿ ಅತ್ತರು, ಅಳುತ್ತಲೇ ನಕ್ಕರು. "ತಿಂದಿದ್ದಾರೆ ಕಣೋ. ತಿಂದ್ಕೊಂಡೇ ಹೋಗಿದ್ದಾರೆ."

ಡಿವಿಡಿ ಒಳಗಿನಿಂದ ಹೊರಕ್ಕೆ ಓಡುತ್ತದೆ. ಧಾರೆ ನಡುವಿಗೆ ಹತ್ತಿರ, ಊಟ ಅರ್ಧ ದಾರಿಯಲ್ಲಿ, ಹೆಣ್ಣೊಪ್ಪಿಸುವುದು ಅಂಚಿನಲ್ಲಿ. ಕೂದಲೆಳೆಯಷ್ಟೂ ತಪ್ಪದೆ ಕಬ್ಬಿಣ ಕಡೆದ ಕೈ ಪ್ರತಿ ವರ್ಷವೂ ಅದೇ ಅರ್ಧ ದಾರಿಗೆ ಕುಂಕುಮ ಇಟ್ಟದ್ದು ಬರೀ ಭಕ್ತಿಯಿಂದ ಎಂದು, ಇನ್‌ಸ್ಪೆಕ್ಟರಾಗಿ ನಾನಂತೂ ಸಹಿ ಹಾಕಲಾರೆ.

ಈಗ ಗೋಡೆಯ ಮೇಲೆ ಜಾಂಗೀರಿನ ಸಮೇತ ಅದೇ ಫೋಟೋ ಇದೆ. ಅದರ ಕೆಳಗೆ ಕೂತು, ಕುಂಕುಮದ ಬೆರಳನ್ನು ಎತ್ತಿ ಹಿಡಿದೇ ಕೇಳಿದೆ: "ಯಾವ ಕಡೆ ಇಡ್ಲಿ ಚಿಕ್ಕಮ್ಮ?"

ಅವರು ಫೋಟೋ ಕಡೆ ಒಮ್ಮೆ ನೋಡಿದರು.

"ಬೆನ್ನಿಗೇ ಇಡೋ. ಇನ್ನು ಮುಚ್ಚಿಡೋಕೆ ಏನಿದೆ?"