ಬೋರ್ಡಿನಲ್ಲಿ ಬನ್ನಿ

ನನಗೆ ಆಗ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ಈಗ ನೆನಪಾಯಿತು, ಯಾಕೆಂದರೆ ಇವತ್ತು ಬೆಳಗ್ಗೆ ಬಳ್ಳಾರಿಯ ಗಾಂಧಿನಗರದ ತೋಟದಲ್ಲಿ ಚಪ್ಪಲಿ ತೂರಿ ಒಂದು ಮುಳ್ಳು ಅಂಗಾಲಿಗೆ ಚುಚ್ಚಿತು. ಕಿತ್ತು ನೋಡಿದರೆ ಬಳ್ಳಾರಿ ಜಾಲಿ. ಹಳೆಯ ಪರಿಚಯದ್ದು, ಬೈಯಲಿಲ್ಲ.

ತೋಟ ಅಂದರೆ ಭಾರೀ ಪಾರ್ಕು ಅಂದುಕೊಳ್ಳಬೇಡಿ. ಕಸ ಸುರಿಯುತ್ತಿದ್ದ ಖಾಲಿ ಜಾಗ. ಓಣಿಯವರೇ ಸೇರಿ ಹಸನು ಮಾಡಿ, ಮನೆಗೊಂದು ಗಿಡ ಹಚ್ಚಿದರು. ಪ್ರತಿ ಗಿಡಕ್ಕೂ ಅದರ ಹೆಸರಿನ ಬೋರ್ಡು. ನಾನು ಅಕ್ಷರ ಕೂಡಿಸಿ ಓದುವವಳು, ಒಂದು ಸುತ್ತು ಮುಗಿಸುವಷ್ಟರಲ್ಲಿ ಬಿಸಿಲೇರುತ್ತದೆ.

ಮಗಳನ್ನು ಎದುರು ಓಣಿಗೇ ಕೊಟ್ಟಿದ್ದೇನೆ. ಅವಳ ಅತ್ತೆ ಗಂಗಮ್ಮ, ತವರೂರು ಸಿರುಗುಪ್ಪದಿಂದ ಒಂದು ಸಸಿ ತಂದು ಆ ವರ್ಷ ಮೊದಲ ಮಳೆಗೆ ನೆಟ್ಟಳು. ಬನ್ನಿಯಂತೆ, ಬೋರ್ಡಿನಲ್ಲೂ ಹಾಗೇ ಬರೆಸಿದಳು. ಇನ್ನು ದಸರಾಕ್ಕೆ ಎಲ್ಲರಿಗೂ ಇಲ್ಲಿಂದಲೇ ಎಲೆ ಎಂದು ಸಾರಿದಳು. ನಾನು ಬಗ್ಗಿ ನೋಡಿದೆ.

"ಗಂಗಮ್ಮಾರ, ಇದು ಜಾಲಿ," ಅಂದೆ.

ಸಣ್ಣದಿದ್ದಾಗ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ, ನಿಜ. ಆದರೂ ನಮ್ಮೂರ ಹೆಸರು ಹೊತ್ತ ಗಿಡ ನಮ್ಮೂರವರಿಗೇ ಗುರುತು ಸಿಗದಿದ್ದರೆ ನಗು ಬರುವುದಿಲ್ಲವೇ? ಗಂಗಮ್ಮನಿಗೆ ಬರಲಿಲ್ಲ. ಹೆಣ್ಣು ಕೊಟ್ಟವಳು ಅಳಿಯನ ತಾಯಿಗೆ ಓಣಿ ಮಂದಿಯ ಮುಂದೆ ಹೀಗನ್ನಬಾರದು. ಅಂದಿನಿಂದ ಮಾತು ಬಂದ್. ಆ ವರ್ಷ ದಸರಾಕ್ಕೆ ಮಗಳ ಮನೆಯಿಂದ ಬನ್ನಿಯೂ ಇಲ್ಲ, ಕರೆಯೂ ಇಲ್ಲ.

ಎದುರು ಓಣಿಯಲ್ಲಿದ್ದ ಮಗಳು ಫೋನಿನಲ್ಲಿ ಅತ್ತಳು. "ಅವ್ವಾ, ಯಾವ ಗಿಡ ಆದ್ರೇನು? ನಿನಗ ಬಾಯಿ ಮುಚ್ಚಾಕ ಬರಂಗಿಲ್ಲೇನು?"

"ಬರಂಗಿಲ್ಲ," ಅಂದೆ. ಬರುವುದಿಲ್ಲವಲ್ಲ.

ತೋಟ ಮಾತ್ರ ಬಿಡಲಿಲ್ಲ. ಗಂಗಮ್ಮ ಆ ಕಡೆಯಿಂದ ಸುತ್ತು ಹಾಕಿದರೆ ನಾನು ಈ ಕಡೆಯಿಂದ. ಬಳ್ಳಾರಿಯ ಚಳಿ ಅಂದರೆ ಬೆಳಗಿನ ಚಹಾ ಮುಗಿಯುವ ತನಕ. ಅದಕ್ಕೂ ಜನ ಮಫ್ಲರ್ ಸುತ್ತಿಕೊಂಡು ಗುಲಾಬಿ ನೋಡಲು ಬಂದರು. ಬೇಸಿಗೆಗೆ ಗುಲಾಬಿ ಸುಟ್ಟಿತು, ಕರಿಬೇವು ಕಡ್ಡಿಯಾಯಿತು, ಗಂಗಮ್ಮನ ಗಿಡ ಹಸಿರೋ ಹಸಿರು. ಬನ್ನಿ ಹಾಗೆ ಓಡಿ ಬೆಳೆಯುವುದಿಲ್ಲ. ಆದರೂ ದಿನಾ ಕೊಡ ಹೊತ್ತು ನೀರು ಹಾಕುತ್ತಿದ್ದಳು. ಜಾಲಿಗೆ ನೀರು ಹೊತ್ತ ಹೆಂಗಸು ಈ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಮುಂದಿನ ಮಳೆಗೆ ಬೋರ್ಡು ಮುಚ್ಚುವಷ್ಟು ಮುಳ್ಳು.

ದಸರಾದ ಸಂಜೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಡಬೇಕು. ಗಂಗಮ್ಮ ನನಗಿಂತ ಚಿಕ್ಕವಳು. ಆ ದಸರಾಕ್ಕೂ ಬರಲಾರಳು ಅಂದುಕೊಂಡಿದ್ದೆ. ಬಂದಳು, ಹಿಂದೆ ಮಗಳು. ಮುಷ್ಟಿ ಬಿಚ್ಚಿದರೆ ಅದೇ ಜಾಲಿ ಎಲೆ.

ಎಲೆ ನೋಡಿದೆ. ಮಗಳನ್ನು ನೋಡಿದೆ.

"ಹಂಗ ನೋಡಬ್ಯಾಡ್ರಿ ಅಕ್ಕಾರ," ಗಂಗಮ್ಮ ಮೆಲ್ಲಗೆ ಅಂದಳು. "ಬ್ಯಾಸಿಗ್ಯಾಗೇ ಗೊತ್ತಾತು ನನಗ. ಓಣಿ ಮಂದಿಗೆ ಏನಂತ ಹೇಳ್ಲಿ? ತಗೋರಿ ಸುಮ್ನ."

"ಮುಳ್ಳು ತಗದೀರೇನು?"

"ನಿಮ್ಮ ಮಾತಿನಷ್ಟು ಚುಚ್ಚಂಗಿಲ್ಲ ಬಿಡ್ರಿ."

ತಗೊಂಡೆ, ಬನ್ನಿ ಅಂತಲೇ. ಅವಳು ಕಾಲು ಮುಟ್ಟಿದಳು. ಮಗಳು ಹೇಳದೆಯೇ ಒಳಗೆ ಹೋಗಿ ಚಹಾಕ್ಕಿಟ್ಟಳು.

ಈಗ ಇಬ್ಬರೂ ಒಂದೇ ಕಡೆಯಿಂದ ಸುತ್ತು ಹಾಕುತ್ತೇವೆ. ಇವತ್ತಿನ ಮುಳ್ಳು ತೋರಿಸಿದರೆ, "ಕಡಿದ್ರೂ ಬೇರು ಜಾಗ ಬಿಡವಲ್ದು, ನಿಮ್ಮಂಗ" ಅಂದಳು. ಇರಲಿ. ಬೇರು ನನ್ನದಲ್ಲ, ಅವಳು ಹಚ್ಚಿದ್ದು.

ಆ ದಸರಾದ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ರೂಪನಗುಡಿಗೆ ಹೋದೆ. ತಮ್ಮನ ಹೊಲದ ಬದುವಿನಿಂದ ಒಂದು ಬನ್ನಿ ಸಸಿ, ಬುಡದ ಮಣ್ಣು ಸಮೇತ ಎಬ್ಬಿಸಿ ತಂದೆ. ಚಹಾದ ಹೊತ್ತಿಗೆ ಮಾತಾಡಿಕೊಂಡಂತೆ ಗಂಗಮ್ಮ ಅಷ್ಟರಲ್ಲಿ ಜಾಲಿ ಕಡಿಸಿ ಗುಂಡಿ ತೋಡಿಸಿ ಕೂತಿದ್ದಳು. ನೆಟ್ಟೆವು. ಬೋರ್ಡಿಗೆ ಕೈ ಹಚ್ಚಲಿಲ್ಲ.