ಬಿಗಿದ ಹಗ್ಗದ ಮಗ್ಗುಲಲ್ಲಿ

ನಾಲ್ಕು ದಿನವಾಯಿತು, ನನಗೆ ಬಸಿಯಲ್ಲಿ ಚಹಾ ಕುಡಿಯಲು ಆಗುತ್ತಿಲ್ಲ. ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಎರಡು ಸಲ ಊದಿ, ಸುರ್ರೆಂದು ಹೀರದಿದ್ದರೆ ಅದು ಚಹಾವೇ ಅಲ್ಲವೆಂದು ನಂಬಿದ ಮನೆತನ ನಮ್ಮದು. ಇಲಕಲ್ಲಿನ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ, ನೇಯುತ್ತಿದ್ದ ಸೀರೆಯ ಮೇಲೆ ಒಂದೇ ಒಂದು ಹನಿ ಬೀಳದಂತೆ ಬಸಿ ಖಾಲಿ ಮಾಡುತ್ತಿದ್ದುದನ್ನು ನೋಡುತ್ತಲೇ ನಾನು ಬೆಳೆದದ್ದು. ಈಗ ಬಸಿ ಎತ್ತಿದರೆ ಸಾಕು, ಚಹಾ ತುಳುಕುತ್ತದೆ. ಅವ್ವ ಏನೂ ಅನ್ನದೆ ಸ್ಟೀಲಿನ ಲೋಟದಲ್ಲಿ ಅರ್ಧ ತುಂಬಿಸಿ ಕೊಡತೊಡಗಿದ್ದಾಳೆ. ನಮ್ಮವ್ವ ಏನೂ ಅನ್ನದೆ ಇರುವುದೆಂದರೆ ಎಂಥ ಗಂಭೀರ ಸಂಗತಿಯೆಂದು, ಓದುವ ಗೆಳೆಯರೇ, ನಮ್ಮ ಓಣಿಯವರನ್ನು ಕೇಳಬೇಕು.

ನಾನು ದನದ ಡಾಕ್ಟರು, ಈ ಕಡೆಯ ಜನರಿಗೆ 'ಬಾಯಾರು'. ಹುನಗುಂದದ ಸುತ್ತಿನ ಎರೆಭೂಮಿಯಲ್ಲಿ ಹಳೆಯ ಜೀಪೊಂದನ್ನು ಹೊಡೆದುಕೊಂಡು, ಹೊಲದಿಂದ ಹೊಲಕ್ಕೆ ಹಟ್ಟಿ ಬದಲಿಸುವ ಕುರಿಗಾರರ ಬೆನ್ನು ಹತ್ತಿ ತಿರುಗುವವಳು. ಎರೆಮಣ್ಣಿನ ಗುಣ ಬಲ್ಲವರೇ ಬಲ್ಲರು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ದನದ ಕಾಲು ನುಂಗುತ್ತದೆ, ಮಳೆಗಾಲದಲ್ಲಿ ಮೆತ್ತಗಾಗಿ ಜೀಪಿನ ಗಾಲಿ ನುಂಗುತ್ತದೆ. ಹೋದ ಮಳೆಗಾಲದಲ್ಲಿ ಹೀಗೇ ಒಂದು ಬಂಡಿದಾರಿಯಲ್ಲಿ ಮೂರು ತಾಸು ಹೂತು ನಿಂತೆ. ಹಸಿ ಹೆಸರುಬಳ್ಳಿ ಮೇಯ್ದು ಹೊಟ್ಟೆಯುಬ್ಬಿದ ಕುರಿಗಳು ಡಾಕ್ಟರಿಗಾಗಿ ಕಾಯುವುದಿಲ್ಲ. ನಾನು ಹಟ್ಟಿ ಮುಟ್ಟಿದಾಗ ಹದಿನಾಲ್ಕು ಕುರಿಗಳು ನಗಾರಿಗಳಂತೆ ಹೊಟ್ಟೆ ಬಿಗಿದುಕೊಂಡು ಸಾಲಾಗಿ ಸತ್ತು ಬಿದ್ದಿದ್ದವು. ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನು ಈ ಜೀಪಿಗೊಂದು ವಿಂಚ್ ಕೂರಿಸದೆ ಮುಂದಿನ ಮಳೆಗಾಲ ನೋಡುವುದಿಲ್ಲವೆಂದು ಅಂದೇ ಪಣ ತೊಟ್ಟೆ.

ವಿಂಚ್ ಎಂದರೆ ಜೀಪಿನ ಮೂತಿಗೆ ಕೂರಿಸುವ ಒಂದು ಉರುಳೆ, ಬ್ಯಾಟರಿಯ ಬಲದಿಂದ ತಿರುಗುವಂಥದು. ಅದಕ್ಕೆ ಸುತ್ತಿದ ಹಗ್ಗವನ್ನು ಬಿಚ್ಚಿ ಎದುರಿನ ಮರಕ್ಕೆ ಕಟ್ಟಿ, ಕೈಯಲ್ಲಿ ಹಿಡಿದ ರಿಮೋಟಿನ ಗುಂಡಿ ಒತ್ತಿದರೆ, ಜೀಪು ತನ್ನನ್ನು ತಾನೇ ಎಳೆದುಕೊಳ್ಳುತ್ತ ಕೆಸರಿನಿಂದ ಮೇಲೇಳುತ್ತದೆ. ಬಾದಾಮಿಯಲ್ಲಿ ಪ್ರವಾಸಿಗರನ್ನು ಗುಡ್ಡದ ದಾರಿಗಳಲ್ಲಿ ಸುತ್ತಾಡಿಸುವ ಒಬ್ಬಾತನ ಜೀಪಿನಲ್ಲಿ ಮೊದಲು ಅದನ್ನು ಕಂಡಾಗ, ಜುಟ್ಟು ಹಿಡಿದು ತನ್ನನ್ನೇ ಬಾವಿಯಿಂದ ಎತ್ತಿಕೊಂಡವನನ್ನು ಕಂಡಷ್ಟು ಬೆರಗಾಗಿತ್ತು. ಆಮೇಲೆ ಎರಡು ತಿಂಗಳು ನಾನು ಬೇರೇನನ್ನೂ ಓದಲಿಲ್ಲ. ಎಷ್ಟು ಕಿಲೋ ಎಳೆಯುತ್ತದೆ, ಎಷ್ಟು ಕರೆಂಟು ಕುಡಿಯುತ್ತದೆ, ಉರುಳೆಯ ಮೇಲೆ ಹಗ್ಗದ ಸುತ್ತು ಹೆಚ್ಚಿದಷ್ಟೂ ಎಳೆಯುವ ಶಕ್ತಿ ಏಕೆ ಕಮ್ಮಿಯಾಗುತ್ತದೆ, ಎಲ್ಲವೂ ಬಾಯಿಪಾಠ. ನನಗೆ ಗಂಡು ನೋಡುವಾಗ ನಮ್ಮ ಮನೆಯವರು ಇಷ್ಟು ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಇಂದು ನಾನು ಅವ್ವನ ಮನೆಯಲ್ಲಿ ಚಹಾ ಕುಡಿಯುತ್ತಿರಲಿಲ್ಲ ಬಿಡಿ.

ಬಾಗಲಕೋಟೆಯಲ್ಲಿ ನನ್ನ ಜೀಪು ರಿಪೇರಿ ಮಾಡುವ ದಸ್ತಗೀರ ಮಿಸ್ತ್ರಿಯ ಮುಂದೆ ಈ ಪಾಂಡಿತ್ಯವನ್ನೆಲ್ಲ ಸುರಿದೆ. ಗಾಡಿಯ ತೂಕದ ಒಂದೂವರೆ ಪಟ್ಟು ಎಳೆದರೆ ಸಾಕಲ್ಲವೇ ಎಂದೆ. ಆತ ಸ್ಪ್ಯಾನರ್ ಒರೆಸುತ್ತ ತಲೆಯಾಡಿಸಿದ.

"ಬಾಯಾರ, ಅದು ಗಟ್ಟಿ ನೆಲದ ಲೆಕ್ಕ. ಎರಿಯೊಳಗ ಮಣ್ಣು ಗಾಲಿನ ಹಿಡಕೊಂಡು ಕೂಡತೈತಿ, ಅದಕ್ಕ ಡಬಲ್ ಹಿಡೀರಿ. ಎಷ್ಟ್ ಎಳಿತೈತಿ ಅನ್ನೂದು ಆಮ್ಯಾಲ. ಮೊದಲ ಹಗ್ಗ ನೋಡ್ರಿ. ಈಗ ಸಿಂಥೆಟಿಕ್ ಹಗ್ಗ ಬಂದಾವ, ಹಗರ ಇರ್ತಾವ. ಹರದ್ರೂ ಜೀವಾ ತಗೊಳ್ಳೂದಿಲ್ಲ."

"ಹರಿಯೂ ಹಗ್ಗಾ ನಾ ಯಾಕ ತಗೊಳ್ಳಿ, ಮಿಸ್ತ್ರಿ?" ಎಂದೆ. ಆತ ಮತ್ತೆ ಸ್ಪ್ಯಾನರ್ ಒರೆಸಿದ.

ನಿಜ ಹೇಳುತ್ತೇನೆ, ಸಿಂಥೆಟಿಕ್ ಎಂಬ ಶಬ್ದ ಕಿವಿಗೆ ಬಿದ್ದಾಗಲೇ ನನ್ನ ಮನಸ್ಸು ಬಾಗಿಲು ಹಾಕಿಕೊಂಡಿತ್ತು. ನೇಕಾರರ ಮನೆಯ ಕೂಸು ನಾನು. ಸೆರಗಿನಲ್ಲಿ ಅಪ್ಪಟ ರೇಷ್ಮೆ ಇದೆಯೋ ಕೃತಕ ರೇಷ್ಮೆ ಬೆರೆತಿದೆಯೋ ಎಂಬುದರ ಮೇಲೆ ಮನುಷ್ಯರ ಯೋಗ್ಯತೆಯನ್ನೇ ಅಳೆಯುವವರ ನಡುವೆ ಬೆಳೆದವಳು. ಕೃತಕವಾದದ್ದೆಲ್ಲ ಮೋಸವೆಂದು ನನ್ನ ನೆತ್ತರಿಗೇ ಗೊತ್ತು. ಯಂತ್ರದ ಹಗ್ಗಕ್ಕೂ ಸೀರೆಯ ಸೆರಗಿಗೂ ಸಂಬಂಧವೇನು ಎಂದು ನೀವು ಕೇಳಬಹುದು. ಆಗ ಯಾರಾದರೂ ಕೇಳಿದ್ದರೆ ಜಗಳವಾಡುತ್ತಿದ್ದೆ. ಕಡೆಗೆ ಬಾದಾಮಿಯ ಅದೇ ಜೀಪಿನವನು ತನ್ನ ಹಳೆಯ ವಿಂಚ್ ಮಾರುತ್ತಿದ್ದಾನೆಂದು ತಿಳಿದು, ಬೆರಳು ದಪ್ಪದ ಅದರ ಉಕ್ಕಿನ ಹಗ್ಗ ನೋಡಿ ಮರುಳಾಗಿ, ಅದನ್ನೇ ತಂದು ಕೂರಿಸಿದೆ.

ಅವ್ವ ಅಂಗಳಕ್ಕೆ ಬಂದು ಆ ಹಗ್ಗವನ್ನು ಬೆರಳ ತುದಿಯಲ್ಲಿ ಸವರಿದಳು. ಐವತ್ತು ವರ್ಷ ಮಗ್ಗಕ್ಕೆ ನೂಲಿನ ಹಾಸು ಹೊಯ್ದ ಬೆರಳುಗಳು. ಕಣ್ಣಿಗೆ ಕಾಣದ ಗಂಟೂ ಅವಕ್ಕೆ ಕಾಣುತ್ತದೆ. ಒಂದು ಕಡೆ ಬೆರಳು ನಿಂತಿತು. "ಇಲ್ಲೆ ಎಳಿ ಕಡದಾವ ನೋಡು. ಚುಚ್ಚಾಕತ್ತಾವ."

"ಅವ್ವಾ, ಅದು ರೇಶ್ಮಿ ಅಲ್ಲ, ಉಕ್ಕು. ನಿನಗ ತಿಳಿಯೂದಿಲ್ಲ ಬಿಡು."

ಅವಳು ಬೆರಳಿಗೆ ಬಂದ ರಕ್ತದ ಹನಿಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ನಾಲ್ಕು ದಿನದ ಹಿಂದೆ, ಮಧ್ಯಾಹ್ನದ ಊಟ ಮುಗಿಸಿ ಏಳುವ ಹೊತ್ತಿಗೆ, ಕುರಿಗಾರ ಮಾಳಪ್ಪನ ಫೋನು ಬಂತು. ಎಂಟು ಕುರಿ ಉಬ್ಬಿವೆ ಎಂದ. ಹಿಂದಿನ ದಿನವಷ್ಟೇ ಜೋರು ಮಳೆಯಾಗಿತ್ತು. ಹೊರಟೆ. ಊರು ದಾಟಿ, ಡಾಂಬರು ಬಿಟ್ಟು, ತೊಗರಿ ಹೊಲಗಳ ನಡುವಿನ ಬಂಡಿದಾರಿ ಹಿಡಿದು ಇನ್ನೇನು ಹಟ್ಟಿ ಕಂಡಿತು ಎನ್ನುವಾಗ ಜೀಪು ಎಡಕ್ಕೆ ಜಾರಿ, ಸಾವಕಾಶವಾಗಿ, ಮುದುಕರು ಕಟ್ಟೆಯ ಮೇಲೆ ಕೂರುವಂತೆ ಕೂತುಬಿಟ್ಟಿತು. ದಾರಿ ತೋರಿಸಲೆಂದು ಎದುರು ಬಂದಿದ್ದ ಮಾಳಪ್ಪ ಮತ್ತು ಆತನ ಹೆಂಡತಿ ಲಕ್ಕವ್ವ ಓಡಿ ಬಂದರು. ಇಬ್ಬರಿಗೂ ಅರವತ್ತರ ಹತ್ತಿರದ ವಯಸ್ಸು. ಮಾಳಪ್ಪನ ಹೆಗಲ ಮೇಲೆ ಕರಿಯ ಕಂಬಳಿ; ಕುರಿಗಾರರ ದೈವ ಬೀರಪ್ಪನ ಒಕ್ಕಲು, ಕಂಬಳಿ ಇಲ್ಲದೆ ಆತನನ್ನು ನಾನು ಕಂಡದ್ದೇ ಇಲ್ಲ.

"ಬಾಯಾರ, ಔಷಧಿ ಚೀಲ ಕೊಡ್ರಿ ಇಲ್ಲೆ, ನಾ ಹೊತಗೊಂಡ ಬರ್ತೇನಿ. ನಡದ ಹೋಗೂಣು. ಇಪ್ಪತ್ತು ಮಿನಿಟ್ ಆಗೂದಿಲ್ಲ," ಎಂದಳು ಲಕ್ಕವ್ವ.

ಅಯ್ಯೋ, ಆಗ ನಡೆದಿದ್ದರೆ! ಆದರೆ ವರ್ಷವಿಡೀ ಈ ಗಳಿಗೆಗಾಗಿ ಕಾದವಳು ನಾನು. ಹೊಸ ಬಳೆ ತೊಟ್ಟವಳು ಕೈ ಬೀಸದೆ ನಡೆದಾಳೆಯೇ? ಐದೇ ನಿಮಿಷ ಎಂದು ಹೇಳಿ, ಬದುವಿನ ಬೇವಿನ ಮರಕ್ಕೆ ಪಟ್ಟಿ ಸುತ್ತಿ, ಹಗ್ಗದ ಕೊಕ್ಕೆ ಸಿಕ್ಕಿಸಿದೆ. ನಾನು ನಿಂತ ಕಡೆಯಿಂದ ಹೂತ ಗಾಲಿ ಮೇಲೇಳುವುದು ಕಾಣುತ್ತಿರಲಿಲ್ಲವಾದ್ದರಿಂದ ಲಕ್ಕವ್ವನನ್ನು ಹಗ್ಗದ ಮಗ್ಗುಲಿಗೆ, ನಟ್ಟ ನಡುವೆ ನಿಲ್ಲಿಸಿ, ಗಾಲಿ ಅಲುಗಿದರೆ ಕೂಗು ಎಂದೆ. ಗುಂಡಿ ಒತ್ತಿದೆ. ಮೋಟಾರು ನರಳಿತು. ಮಾಳಪ್ಪ ಏನೋ ಅನ್ನುತ್ತ ಸುತ್ತ ಓಡಾಡುತ್ತಿದ್ದ. ಹಗ್ಗ ನೆಲ ಬಿಟ್ಟು ಮೇಲೆದ್ದು, ನೆಟ್ಟಗಾಗಿ, ತಂಬೂರಿಯ ತಂತಿಯ ಹಾಗೆ ಸಣ್ಣಗೆ ಹಾಡತೊಡಗಿತು. ಜೀಪು ಗೇಣುದ್ದ ಸರಿಯಿತು. ಆ ಗೇಣುದ್ದಕ್ಕೆ ನನಗಾದ ಹಿಗ್ಗು ಹೇಳಲಾರೆ. ಮತ್ತೆ ಒತ್ತಿದೆ. ಈ ನಡುವೆ ಮಾಳಪ್ಪ ಹೆಗಲ ಕಂಬಳಿ ತೆಗೆದು ಹಗ್ಗದ ಮೇಲೆ ಹೊದಿಸಿದ್ದು ಓರೆಗಣ್ಣಿಗೆ ಕಂಡಿತು. ದೇವರಿಗೇನೋ ಹರಕೆ ಎಂದುಕೊಂಡೆ. ಕೂಡಲೇ ಆತ ಬದುವಿನ ಆಚೆ ನಿಂತು ಹೆಂಡತಿಯನ್ನು ಕರೆದ.

"ಏ, ಬಾ ಇಲ್ಲೆ! ನನ್ನ ಎಲಿಅಡಿಕಿ ಚೀಲ ಎಲ್ಲಿಟ್ಟಿ?"

ನನಗೆ ರೇಗಿತು. ಕುರಿಗಳು ಸಾಯುತ್ತಿವೆ, ಈ ಮನುಷ್ಯನಿಗೆ ಎಲೆಯಡಿಕೆ! "ಮಾಳಪ್ಪಾ, ಈಗೇನ್ ಎಲಿಅಡಿಕಿ ನಿಮಗ? ಲಕ್ಕವ್ವಾ, ನೀ ಅಲ್ಲೇ ನಿಲ್ಲು!" ಎಂದು ಚೀರಿದೆ. ಆಕೆ ನನ್ನನ್ನೂ ಗಂಡನನ್ನೂ ನೋಡಿದಳು. ಗಂಡ ಇನ್ನೊಮ್ಮೆ ಗದರಿದ. ಆಕೆ ಗೊಣಗುತ್ತ ಆತನ ಕಡೆ ನಡೆದಳು.

ಆರು ಹೆಜ್ಜೆ ಇಟ್ಟಿರಬಹುದು.

ಅದನ್ನು ಸದ್ದು ಎನ್ನಲಾರೆ. ಕಿವಿಯೊಳಗೇ ಏನೋ ಸೀಳಿದ ಹಾಗಾಯಿತು. ಕಂಬಳಿ ಹದ್ದಿನಂತೆ ಒಮ್ಮೆ ಮೇಲೆದ್ದು ದೊಪ್ಪನೆ ಬಿತ್ತು, ಅದರ ಕೆಳಗೆ ಹಗ್ಗದ ಬಹುಪಾಲು ಬಿತ್ತು. ಬೀಳದ ತುದಿಯೊಂದು ಮಾತ್ರ ಗಾಳಿಯಲ್ಲಿ ಬೀಸಿ ಹೋಯಿತು. ನಾನು ನೋಡಿದೆ: ಲಕ್ಕವ್ವನನ್ನು ನಿಲ್ಲಿಸಿದ್ದ ಜಾಗದಲ್ಲಿ, ಆಕೆಯ ಸೊಂಟದಷ್ಟು ಎತ್ತರದಲ್ಲಿ, ತೊಗರಿ ಗಿಡಗಳು ಕುಡುಗೋಲಿಗೆ ಸಿಕ್ಕಂತೆ ಕತ್ತರಿಸಿ ಬಿದ್ದಿದ್ದವು. ಹಸಿ ತೊಗರಿಯ ವಾಸನೆ ಮೂಗಿಗೆ ಬಂತು. ಜೀಪು ಮತ್ತೆ ಮೊದಲಿನ ಕೆಸರಿನಲ್ಲೇ ಕೂತಿತ್ತು. ನನ್ನ ಹೆಬ್ಬೆರಳು ಇನ್ನೂ ಗುಂಡಿ ಒತ್ತಿಯೇ ಇತ್ತು, ತುಂಡು ಹಗ್ಗವನ್ನು ಉರುಳೆ ಗರಗರ ಸುತ್ತಿಕೊಳ್ಳುತ್ತಿತ್ತು. ಮಾಳಪ್ಪ ಬಂದು ನನ್ನ ಕೈಯಿಂದ ರಿಮೋಟನ್ನು ಬಿಡಿಸಿಕೊಂಡ.

ಆಮೇಲೆ ನಡೆದೇ ಹೋದೆವು. ಹದಿನೆಂಟು ನಿಮಿಷ. ಎರಡು ಕುರಿ ಸತ್ತಿದ್ದವು, ಆರು ಉಳಿದವು. ಕೈಗಳು ರೂಢಿಯಿಂದ ಕೆಲಸ ಮಾಡಿದವು, ನಾನು ಅಲ್ಲಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು: ಎರಡು ತಿಂಗಳು, ನೂರು ಪ್ರಶ್ನೆ ಕೇಳಿ ಆರಿಸಿದೆನಲ್ಲ, ಎಷ್ಟು ಎಳೆಯುತ್ತದೆ ಎಂದು ಕೇಳಿದವಳು ಹರಿದರೆ ಯಾರಿಗೆ ಬಡಿಯುತ್ತದೆ ಎಂದು ಒಮ್ಮೆಯೂ ಏಕೆ ಕೇಳಲಿಲ್ಲ? ನಮ್ಮ ಮನೆಯಲ್ಲಿ ದಿನಕ್ಕೆ ನೂರು ಎಳೆ ಹರಿಯುತ್ತಿದ್ದವು. ಅವ್ವ ಬೆರಳಿಗೆ ಉಗುಳು ಹಚ್ಚಿ ಹೊಸೆದು ಗಂಟು ಹಾಕುತ್ತಿದ್ದಳು, ಮಗ್ಗ ಮತ್ತೆ ಲಟಕ್ ಲಟಕ್ ಎನ್ನುತ್ತಿತ್ತು. ಹರಿಯುವುದೆಂದರೆ ನನಗೆ ಅಷ್ಟೇ ಗೊತ್ತಿದ್ದದ್ದು. ಹರಿದ ಎಳೆ ಮನುಷ್ಯರನ್ನು ಕಡಿಯಬಹುದೆಂದು ನಾನು ಎಣಿಸಿರಲೇ ಇಲ್ಲ.

ಹಟ್ಟಿಯಲ್ಲಿ ಮಾಳಪ್ಪ ಹರಿದ ಕಂಬಳಿಯನ್ನು ಕೊಡವಿ, ಕಣ್ಣಿಗೊತ್ತಿಕೊಂಡು, ಮಡಿಸಿಟ್ಟ. ಸೊಸೆ ಚಹಾ ತಂದಳು. "ಬೀರಪ್ಪ ದೊಡ್ಡಾವ, ಇವತ್ತ ನಮ್ಮತ್ತೀನ ಉಳಿಸಿದ," ಎಂದಳು. ನಾನೂ ಹೌದೆಂದೆ. ಹೌದೆಂದವಳ ಎದೆ ಎಷ್ಟು ಹಗುರಾಯಿತೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸಲಾರಿರಿ. ದೇವರು ಉಳಿಸಿದ ಎಂದರೆ ಕೊಲ್ಲಹೊರಟವರು ಯಾರೆಂದು ಯಾರೂ ಕೇಳುವುದಿಲ್ಲವಷ್ಟೇ. ಆ ಹಗುರವೇ ನನ್ನನ್ನು ಹೆದರಿಸಿತು. ಲೋಟ ಕೆಳಗಿಟ್ಟೆ.

"ಲಕ್ಕವ್ವನ್ನ ಅಲ್ಲೆ ನಿಲ್ಲಿಸಿದಾಕಿ ನಾ," ಎಂದೆ. "ತಪ್ಪು ನಂದು. ದೇವರ ಮ್ಯಾಲ ಹಾಕಬ್ಯಾಡ್ರಿ."

ಮಾಳಪ್ಪ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು ಸಾವಕಾಶ ಬಿಚ್ಚಿದ. ಹೆಂಡತಿಯನ್ನು ಕರೆದಾಗಲೂ ಅದು ಅಲ್ಲೇ ಇತ್ತೆಂದು ಆಗ ನನಗೆ ಹೊಳೆಯಿತು. ಆತನನ್ನೇ ನೋಡಿದೆ.

"ಕಂಬಳಿ ಯಾಕ ಹಾಕಿದ್ರಿ?"

"ಬಿಗದ ಹಗ್ಗದ ಮ್ಯಾಲ ಏನರ ಭಾರ ಇರಬೇಕ್ರಿ. ಹರದ್ರ ನೆಲಕ್ಕ ಬೀಳತೈತಿ, ಇಲ್ಲಂದ್ರ ಹಾವಿನಂಗ ಹೊಡಿತೈತಿ. ಇಲಕಲ್ಲ ಕಲ್ಲಿನ ಕಣಿಯೊಳಗ ಮೂರ ವರ್ಷ ಇದ್ದೆ ನಾ, ಹರೇದಾಗ. ದೊಡ್ಡ ದೊಡ್ಡ ಬಂಡಿಗಲ್ಲು ಇಂಥಾ ಹಗ್ಗದ್ಲೇ ಎಳೀತಿದ್ವಿ. ನನ್ನ ಜೋಡಿ ಇದ್ದಾಂವಂದು ಕಾಲು ಹೋತು."

ಎರಡು ತಿಂಗಳು ನಾನು ಪುಟಪುಟಗಳಲ್ಲಿ ಹುಡುಕಿಯೂ ಕಾಣದ್ದನ್ನು ಬಲ್ಲ ಮನುಷ್ಯ ಕೆಸರಿನ ಅಂಚಿನಲ್ಲಿ ಕಂಬಳಿ ಹೊದ್ದು ನಿಂತಿದ್ದ. ನನಗೆ ಸಿಟ್ಟೇ ಬಂತು, ನಾಚಿಕೆಯ ಸಿಟ್ಟು. ದನಿ ಏರಿತು.

"ಇಷ್ಟೆಲ್ಲಾ ಗೊತ್ತಿದ್ದು ನನಗ ಯಾಕ ಹೇಳಲಿಲ್ಲ ಮತ್ತ?"

ಮಾಳಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ನಿಜವಾಗಿಯೂ ಸೋಜಿಗಪಟ್ಟು ನನ್ನ ಮುಖ ನೋಡಿದ.

"ಹೇಳಿದ್ನೆಲ್ರೀ ಬಾಯಾರ. ಹಗ್ಗದಾಗ ಎಳಿ ಕಡದಾವ, ಬ್ಯಾಡ್ರಿ ಅಂದೆ. ಆಕಿನ್ನ ಅಲ್ಲಿಂದ ಸರಸ್ರಿ ಅಂದೆ. ಎರಡ ಸಲ ಹೇಳಿದೆ. 'ಮಾಳಪ್ಪಾ, ನಿಮ್ಮ ಕುರಿ ನೀವ್ ನೋಡ್ಕೋರಿ, ನನ್ನ ವಿಂಚ್ ನಾ ನೋಡ್ಕೋತೇನಿ' ಅಂದ್ರಿ ನೀವು."

ಲಕ್ಕವ್ವ ಹೌದೆಂದು ತಲೆಯಾಡಿಸಿದಳು. ಇಬ್ಬರ ಮುಖದಲ್ಲೂ ಮುನಿಸಿನ ಸುಳಿವಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದರು, ಅಷ್ಟೇ. ಆಮೇಲೆ ಆಕೆ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು.

ಗೆಳೆಯರೇ, ನನಗೆ ನೆನಪಿಲ್ಲ. ಆತ ಹೇಳಿದ್ದೂ ನೆನಪಿಲ್ಲ, ನಾನು ಅಂದದ್ದೂ ನೆನಪಿಲ್ಲ. ಸುಳ್ಳಾಡುವ ಜನ ಅವರಲ್ಲ, ಆ ಮಾತಿನ ವರಸೆಯೂ ಅಕ್ಷರಶಃ ನನ್ನದೇ. ನಾಲ್ಕು ದಿನದಿಂದ ಆ ಹೊಲಕ್ಕೆ ಮನಸ್ಸಿನಲ್ಲಿ ಮರಳಿ ಮರಳಿ ಹೋಗುತ್ತಿದ್ದೇನೆ. ಮೋಟಾರಿನ ನರಳಾಟ ಕೇಳುತ್ತದೆ, ಹಗ್ಗದ ಸಣ್ಣ ಹಾಡು ಕೇಳುತ್ತದೆ, ನನ್ನ ಮುಂದೆ ಮಾಳಪ್ಪನ ತುಟಿ ಅಲುಗುವುದೂ ಕಾಣುತ್ತದೆ. ಆತ ಎರಡು ಸಲ ಹೇಳಿದ ಆ ಮಾತು ಮಾತ್ರ, ಎಷ್ಟು ಕಿವಿಗೊಟ್ಟರೂ, ನನಗೆ ಕೇಳಿಸುತ್ತಿಲ್ಲ.