ಎಂಟು ಗುಂಡುಗಳ ತೂಕ

ದಪ್. ಸ್ವಲ್ಪ ಹೊತ್ತಿಗೆ ಇನ್ನೊಂದು ದಪ್. ನಮ್ಮ ಮನೆಯ ಕೆಳಗಿನ ಗುಜರಿ ಅಂಗಡಿಯಲ್ಲಿ ಯಾರೋ ಗೋಣಿಚೀಲ ಬಿಚ್ಚಿ ಒಳಗಿನ ಸಾಮಾನನ್ನು ಒಂದೊಂದಾಗಿ ನೆಲಕ್ಕೆ ಹಾಕುತ್ತಿದ್ದರು. ತಲೆ ಬಾಚಿಕೊಳ್ಳುತ್ತಿದ್ದ ಅತ್ತೆಯ ಕೈ ನಿಂತಿತು. ಒಂದು ಸದ್ದು ಗಟ್ಟಿ, ಒಂದು ಮೆದು, ಮತ್ತೆರಡು ಗಟ್ಟಿ. ಏಳು ಬಿದ್ದವು. ಅವಳು ಇನ್ನೊಂದಕ್ಕಾಗಿ ಕಾದಳು.

“ಶನಿ ಬೀಳಲಿಲ್ಲ,” ಎಂದಳು. “ಮಿಕ್ಕಿದ್ದೆಲ್ಲ ನನ್ನವೇ ಕಣೇ. ಇವತ್ತು ಐದನೇ ಕ್ಲಾಸಿಗೆ ಗ್ರಹದ ಪಾಠ ಇದೆ. ನಡಿ ಕೆಳಗೆ!”

ಅತ್ತೆ ನನ್ನ ಅಪ್ಪನ ತಂಗಿ. ಹುಟ್ಟಿನಿಂದ ಕಣ್ಣು ಕಾಣದು. ಅಂಧ ಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಕ್ಕಳ ಬಾಯಲ್ಲಿ ಗುಂಡು ಟೀಚರ್. ಅವಳು ಓದುವಾಗ ಗ್ರಹಗಳೆಂದರೆ ಬರೀ ಬಾಯಿಪಾಠದ ಹೆಸರುಗಳು. ಆ ಹೊಟ್ಟೆಯುರಿ ಅವಳಿಗೆ ಇನ್ನೂ ಆರಿಲ್ಲ. ತಾನು ಟೀಚರ್ ಆದ ವರ್ಷವೇ ಚಪ್ಪಲಿ ಹೊಲಿಯುವವನ ಬೆನ್ನು ಹತ್ತಿ, ಒಂದೇ ಅಳತೆಯ ಎಂಟು ಚರ್ಮದ ಗುಂಡು ಹೊಲಿಸಿದಳು. ಒಳಗೆ ಕಬ್ಬಿಣದ ಚೂರು, ಸೀಸ, ಮರಳು, ಮೇಣವನ್ನು ತಾನೇ ತೂಗಿ ತೂಗಿ ತುಂಬಿದಳು. ಅಷ್ಟೇ ಜಾಗಕ್ಕೆ ಆಯಾ ಗ್ರಹದ ತುಣುಕನ್ನೇ ತುಂಬಿದರೆ ಎಷ್ಟು ಭಾರವೋ ಅಷ್ಟು. ಭೂಮಿ ಎಲ್ಲಕ್ಕಿಂತ ಭಾರ. ಬುಧ, ಶುಕ್ರ ಅದರ ಹಿಂದೆಯೇ. ಶನಿಯೊಳಗೆ ಹಗುರ ಮರ. ನೀರಿಗೆ ಹಾಕಿದರೆ ತೇಲಬೇಕಲ್ಲ!

ಅಷ್ಟು ದೊಡ್ಡ ಗುರು ಇಷ್ಟು ಹಗುರಾನಾ ಎಂದು ಮಕ್ಕಳು ನಕ್ಕರೆ, ನಕ್ಕವಳ ಬೆನ್ನ ಮೇಲೆ ಪಕ್ಕದವಳನ್ನು ಹತ್ತಿಸಿ, ಮೇಲೊಂದು ಪುಸ್ತಕದ ಮೂಟೆ ಹೇರುತ್ತಿದ್ದಳು. “ಗುರುವಿನ ಮೇಲೆ ನಿಲ್ಲೋಕೆ ನೆಲ ಇದ್ದಿದ್ರೆ ನಿನ್ನ ಭಾರ ಇಷ್ಟು. ಹಿಡಿಯಷ್ಟು ತಗೊಂಡ್ರೆ ಹಗುರ, ಆದ್ರೆ ಇರೋದು ರಾಶಿ ರಾಶಿ. ಎಳೆಯೋದು ಆ ರಾಶಿ. ಬುಧ ಮಂಗಳನಿಗಿಂತ ಸಣ್ಣವನು, ಆದ್ರೆ ಒಳಗೆ ಗಟ್ಟಿ. ಅದಕ್ಕೇ ಇಬ್ಬರ ಮೇಲೂ ನಿನ್ನ ತೂಕ ಹೆಚ್ಚುಕಮ್ಮಿ ಒಂದೇ. ತಿಳೀತಾ? ಈಗ ಇಳಿಯೇ, ಅವಳ ಸೊಂಟ ಮುರಿದೀತು.”

ನಾವು ಗುಜರಿ ಅಂಗಡಿಗೆ ಇಳಿಯುವಷ್ಟರಲ್ಲಿ ಒಂದು ಗುಂಡಿಗೆ ಚಾಕು ಬಿದ್ದಿತ್ತು.

“ಅಕ್ಕಾ, ನಿಮ್ದಾ?” ಗುಜರಿಯವನು ಎದ್ದು ನಿಂತ. “ಒಳಗೆ ಏನಿದೆ ನೋಡೋಣ ಅಂತ ಕೊಯ್ದೆ. ಬರೀ ಗುಂಡಲ್ವಾ?”

ಅತ್ತೆ ಉಳಿದ ಆರನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿದಳು. “ಭೂಮೀನೇ ಕೊಯ್ದಿದ್ದೀಯಲ್ಲೋ ಪುಣ್ಯಾತ್ಮ! ಒಂದು ಚೂರೂ ಬಿಡದೆ ಬಾಚಿ ಕೊಡು.”

ಸಿಟ್ಟು ಬಂದರೆ ಅತ್ತೆ ನನ್ನ ತೋಳು ಹಿಡಿಯುವುದಿಲ್ಲ. ಶಾಲೆಯ ತನಕ ಕೋಲು ಕುಟ್ಟಿಕೊಂಡು ಮುಂದೆ ಅವಳು, ಚೀಲ ಹೊತ್ತು ಹಿಂದೆ ನಾನು.

ಆಫೀಸಿನ ಗುಮಾಸ್ತ ತಲೆ ಎತ್ತಲಿಲ್ಲ. “ಬೀರು ಕ್ಲೀನ್ ಮಾಡಿದ್ವಿ ಮೇಡಂ. ಎಂಟೂ ಒಂದೇ ಥರ ಇತ್ತು. ಸೈಜೂ ಒಂದೇ, ಬಣ್ಣಾನೂ ಒಂದೇ. ಒಂದೇ ಸಾಮಾನು ಎಂಟೆಂಟು ಯಾಕೆ ಅಂತ ಒಂದು ಇಟ್ಕೊಂಡು ಏಳು ಕಳಿಸ್ದೆ.”

“ಎತ್ತಿ ನೋಡಿದ್ರಾ?”

“ಎತ್ತಿದ್ದು ಆಳು. ನಾನ್ಯಾಕೆ ಎತ್ಲಿ?”

“ಕಣ್ಣಿದೆ ಅಂತ ಕೈಗೆ ರಜಾ ಕೊಟ್ಬಿಟ್ರಾ? ಇಟ್ಕೊಂಡಿದ್ದು ಎಲ್ಲಿ?”

“ಬಾಗಿಲಿಗೆ ಒತ್ತು ಕೊಟ್ಟಿದ್ದೀನಿ. ಅದೂ ದಂಡ. ಗಾಳಿ ಬಂದ್ರೆ ಬಾಗಿಲೂ ಬಡ್ಕೊಳ್ಳುತ್ತೆ, ಅದೂ ಉರುಳುತ್ತೆ.”

“ಶನಿ ಅದು. ಇನ್ನೇನು ಮಾಡುತ್ತೆ?” ಅತ್ತೆ ಬಗ್ಗಿ ತಡಕಿ ಎತ್ತಿಕೊಂಡಳು.

ಗದ್ದಲ ಕೇಳಿ ಹೆಡ್‌ಮಾಸ್ಟರು ಬಂದರು. ಕೈಯಲ್ಲಿ ಹೊಸ ಪೆಟ್ಟಿಗೆ. “ಮೇಡಂ, ಹಳೇದಕ್ಕೆ ಯಾಕೆ ಬೇಜಾರು? ದಾನಿಗಳು ಹೊಸ ಸೆಟ್ ಕಳಿಸಿದ್ದಾರೆ. ಬ್ರೈಲಲ್ಲಿ ಹೆಸರೂ ಇದೆ. ಇನ್ನೇನು ಬಂದ್ಬಿಡ್ತಾರೆ, ಅವ್ರ ಮುಂದೆ ಎರಡು ಒಳ್ಳೆ ಮಾತಾಡಿ.”

ಅತ್ತೆ ಎರಡು ಪ್ಲಾಸ್ಟಿಕ್ ಚೆಂಡುಗಳನ್ನು ಎರಡು ಕೈಯಲ್ಲಿ ಹಿಡಿದಳು. ಒಂದನ್ನು ಉಗುರಿನಿಂದ ತಟ್ಟಿದಳು. ಟೊಳ್ಳು.

“ಎಲ್ಲಾದ್ರ ಮೇಲೂ ಹೆಸರಿದೆ ಸಾರ್, ಒಂದ್ರೊಳಗೂ ಗ್ರಹ ಇಲ್ಲ.”

“ಬಣ್ಣ ಎಷ್ಟು ಚೆನ್ನಾಗಿದೆ ನೋಡಿ...” ಎಂದವರು ನಾಲಿಗೆ ಕಚ್ಚಿಕೊಂಡರು.

“ಯಾರಿಗೆ ಸಾರ್?”

ಅವರ ಮುಖ ಬಿಗಿಯಿತು. “ಇದೇ ಕೊನೆ ಮಾತು ಮೇಡಂ. ಈ ಹರಿದ ಚರ್ಮದ ಉಂಡೆಗಳು ಇನ್ಮೇಲೆ ಈ ಕಟ್ಟಡದೊಳಗೆ ಇರಕೂಡದು. ಅವ್ರು ಬಂದಾಗ ಇದು ಕಂಡ್ರೆ ಏನಂದ್ಕೋತಾರೆ?”

ಅತ್ತೆ ಚೆಂಡುಗಳನ್ನು ಮೇಜಿನ ಮೇಲಿಟ್ಟಳು. ಒಂದು ಉರುಳಿ ಕೆಳಗೆ ಬಿತ್ತು. ಟಿಕ್ ಎಂದಷ್ಟೇ ಸದ್ದು. ನನ್ನ ಹೆಗಲಿನಿಂದ ಚೀಲ ಕಿತ್ತುಕೊಂಡು ಶನಿಯನ್ನೂ ಅದರೊಳಗೆ ತುರುಕಿದಳು.

“ಕಟ್ಟಡದೊಳಗೆ ತಾನೇ ಬೇಡ? ಸರಿ ಸಾರ್. ಐದನೇ ಕ್ಲಾಸನ್ನ ಗೇಟಿನಾಚೆ ಫುಟ್‌ಪಾತ್ ಮೇಲೆ ಕೂರಿಸ್ತೀನಿ. ನಿಮ್ಮ ದಾನಿಗಳು ಕಾರಿಂದ ಇಳೀಲಿ, ಅವ್ರ ಕಣ್ಣಿಗೂ ಬಟ್ಟೆ ಕಟ್ಟಿ, ಒಂದು ಕೈಗೆ ನಿಮ್ಮ ಭೂಮಿ ಕೊಟ್ಟು, ಇನ್ನೊಂದು ಕೈಗೆ ನನ್ನ—”

ಚೀಲ ಹೆಗಲಿಗೇರಿಸಿಕೊಂಡ ಅತ್ತೆ, ಕೋಲು ಕುಟ್ಟುತ್ತ, ಆಗಲೇ ಐದನೇ ಕ್ಲಾಸಿನ ಬಾಗಿಲ ಕಡೆಗೆ ನಡೆದುಬಿಟ್ಟಿದ್ದಳು.